ಹಾಯಿದೋಣಿಯ ಎಣ್ಣೆ ತೊಟ್ಟಿಯೊಳಗಿನ ನೀರು

ಹಾಯಿದೋಣಿ ಎಂದೊಡನೆ ನಿಮ್ಮ ಕಣ್ಣ ಮುಂದೆ ಬರುವುದು ಗಾಳಿ ತುಂಬಿದ ಬಿಳಿಯ ಬಟ್ಟೆ. ಅದಕ್ಕೆ ಎಣ್ಣೆಯ ಹಂಗಿಲ್ಲ, ಎಂಜಿನ್ನಿನ ಗದ್ದಲವಿಲ್ಲ ಎಂದೇ ನಾವು ಭಾವಿಸುತ್ತೇವೆ. ಆದರೆ ದೂರಯಾನಕ್ಕೆ ಹೊರಡುವ ಇಂದಿನ ಬಹುತೇಕ ಹಾಯಿದೋಣಿಗಳ ನೆಲಹಲಗೆ ಎತ್ತಿ ನೋಡಿದರೆ ಒಂದು ಡೀಸೆಲ್ ಎಂಜಿನ್, ಅದರಿಂದ ತಿರುಗುವ ವಿದ್ಯುಜ್ಜನಕ, ಒಂದು ಎಣ್ಣೆ ತೊಟ್ಟಿ ಕಾಣುತ್ತವೆ. ದೋಣಿಯನ್ನು ಮುಂದೆ ನೂಕಲು ಗಾಳಿ ಸಾಕು. ದೀಪ, ರೇಡಿಯೊ, ಪಂಪು ಮುಂತಾದವಕ್ಕೆ ವಿದ್ಯುತ್ತು ಬೇಕು. ಈ ವಿದ್ಯುತ್ತು ಕಡಲಿಗಿಳಿದ ಕಥೆಯಲ್ಲಿ ಮತ್ತೆ ಮತ್ತೆ ಅಡ್ಡ ಬರುವ ಖಳನಾಯಕ ಯಾರು ಬಲ್ಲಿರಾ? ಒಳಕ್ಕೆ ನುಸುಳಿದ ಒಂದಿಷ್ಟು ನೀರು.

ಮೊದಲು ಆರ್ಕ್ಟಿಕ್ ಸಾಗರಕ್ಕೆ ಹೋಗೋಣ. 1893ರಲ್ಲಿ ನಾರ್ವೆಯ ಫ್ರಿತ್ಯೋಫ್ ನಾನ್ಸೆನ್ 'ಫ್ರಾಮ್' ಎಂಬ ಹಡಗನ್ನು ಬೇಕೆಂತಲೇ ಹಿಮದಲ್ಲಿ ಸಿಕ್ಕಿಸಿ, ಹಿಮದೊಡನೆ ತೇಲಲು ಬಿಟ್ಟರು. ತಿಂಗಳುಗಟ್ಟಲೆ ಸೂರ್ಯನಿಲ್ಲದ ರಾತ್ರಿ. ಹಡಗಿನ ಮೇಲೆ ಗಾಳಿಯಂತ್ರ ನೆಟ್ಟು, ಅದರಿಂದ ಡೈನಮೊ ತಿರುಗಿಸಿ ವಿದ್ಯುದ್ದೀಪ ಹೊತ್ತಿಸಿಕೊಂಡರು. ಅದೇ ಹಡಗು 1910ರಲ್ಲಿ ರೋಆಲ್ಡ್ ಅಮುಂಡ್ಸೆನ್ ಅವರೊಡನೆ ದಕ್ಷಿಣಕ್ಕೆ ಹೊರಟಾಗ ಹಳೆಯ ಉಗಿಯಂತ್ರದ ಜಾಗದಲ್ಲಿ 180 ಅಶ್ವಸಾಮರ್ಥ್ಯದ ಡೀಸೆಲ್ ಎಂಜಿನ್ ಕೂತಿತ್ತು. ಉಗಿಯಂತ್ರಕ್ಕೆ ಕಲ್ಲಿದ್ದಲು ತುಂಬಲು ಜನ ಬೇಕು, ಉಗಿ ಏಳುವವರೆಗೆ ಕಾಯಬೇಕು. ಡೀಸೆಲ್ ಎಂಜಿನ್ ಕರೆದಾಗ ಬರುತ್ತದೆ, ಸುಮ್ಮನಿರುವಾಗ ಇಂಧನ ಕೇಳುವುದಿಲ್ಲ. ಹಾಯಿ ಇರುವ ಹಡಗಿಗೆ ಇದಕ್ಕಿಂತ ಒಪ್ಪುವ ಜೊತೆಗಾರ ಉಂಟೆ?

ಆ ಎಂಜಿನ್ನಿಗೆ ಆಗಿನ್ನೂ ಚಿಕ್ಕ ವಯಸ್ಸು. ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ರುಡಾಲ್ಫ್ ಡೀಸೆಲ್ ಅದನ್ನು ಸಾಧಿಸಿ ತೋರಿಸಿದ್ದು 1897ರಲ್ಲಿ. ದಕ್ಷತೆ ಶೇಕಡಾ 26ರಷ್ಟಿತ್ತು, ಅಂದಿನ ಉಗಿಯಂತ್ರಗಳನ್ನು ಬಹಳ ಹಿಂದೆ ಹಾಕುವಷ್ಟು. ತತ್ತ್ವ ಸರಳ. ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪಿನ ತುದಿ ಬಿಸಿಯಾಗುವುದನ್ನು ನೀವು ಮುಟ್ಟಿ ನೋಡಿರಬಹುದು. ಗಾಳಿಯನ್ನು ಹದಿನೈದಿಪ್ಪತ್ತು ಪಟ್ಟು ಕುಗ್ಗಿಸಿದರೆ, ಅದರೊಳಗೆ ಸಿಂಪಡಿಸಿದ ಎಣ್ಣೆ ಕಿಡಿಯ ನೆರವಿಲ್ಲದೆ ತಾನೇ ಹೊತ್ತಿಕೊಳ್ಳುತ್ತದೆ. ಕಷ್ಟವಿದ್ದದ್ದು ಸಿಂಪಡಿಸುವುದರಲ್ಲಿ. ಡೀಸೆಲ್ ಅವರು ಎಣ್ಣೆಯನ್ನು ಸಂಪೀಡಿತ ಗಾಳಿಯಿಂದ ಊದಿಸುತ್ತಿದ್ದರು; ಅದಕ್ಕೆ ಬೇಕಾದ ಸಂಪೀಡಕವೇ ಒಂದು ದೊಡ್ಡ ಯಂತ್ರ. ಫ್ರಾಮ್‌ನಂಥ ಹಡಗು ಹೊರಬಹುದು, ಸಣ್ಣ ದೋಣಿ ಹೊರಲಾರದು. 1927ರಲ್ಲಿ ಬಾಷ್ ಕಂಪನಿ ಪುಟ್ಟ ಇಂಧನ ಪಂಪುಗಳನ್ನು ಸಾಲಾಗಿ ತಯಾರಿಸತೊಡಗಿದ ಮೇಲೆ ದಾರಿ ತೆರೆಯಿತು.

ಆದರೂ ಸಣ್ಣ ಹಾಯಿದೋಣಿಗಳು ಬ್ಯಾಟರಿ ತುಂಬಿಸಲು ಬಹುಕಾಲ ಪೆಟ್ರೋಲ್ ಯಂತ್ರಗಳನ್ನೇ ನಂಬಿದ್ದವು. ಫ್ರಾಮ್ ಹಡಗನ್ನು ರೂಪಿಸಿದ ಕಾಲಿನ್ ಆರ್ಚರ್ ಅವರ ದೋಣಿಗಳ ವಂಶಕ್ಕೆ ಸೇರಿದ ಒಂದು ದೋಣಿ ನಮ್ಮ ಮುಂಬಯಿಯಲ್ಲೇ ಹುಟ್ಟಿತು. ತೇಗದ ಮರದ, 32 ಅಡಿ ಉದ್ದದ 'ಸುಹೈಲಿ'. ಅದರ ಒಡೆಯ ರಾಬಿನ್ ನಾಕ್ಸ್-ಜಾನ್‌ಸ್ಟನ್ 1968ರ ಜೂನ್ 14ರಂದು ಇಂಗ್ಲೆಂಡಿನ ಫಾಲ್ಮತ್‌ನಿಂದ ಒಂಟಿಯಾಗಿ ಹೊರಟು, ಎಲ್ಲೂ ನಿಲ್ಲದೆ ಭೂಮಿಯನ್ನು ಸುತ್ತಿ, 312 ದಿನಗಳ ಬಳಿಕ 1969ರ ಏಪ್ರಿಲ್ 22ರಂದು ಅಲ್ಲಿಗೇ ಮರಳಿದರು. ಹಾಗೆ ಮಾಡಿದವರಲ್ಲಿ ಅವರೇ ಮೊದಲಿಗರು.

ದಾರಿಯಲ್ಲಿ ಅವರ ಬ್ಯಾಟರಿ ಚಾರ್ಜರ್ ಕೆಟ್ಟಿತು. ಅದರ ಮ್ಯಾಗ್ನೆಟೋ ಸರಿಪಡಿಸಬೇಕು, ಬೆಸುಗೆಯ ತವರ ಮುಗಿದಿದೆ. ದೋಣಿಯ ದೀಪದ ಬಲ್ಬುಗಳ ಬುಡದಲ್ಲಿದ್ದ ಬೆಸುಗೆಯನ್ನೇ ಕರಗಿಸಿ ತೆಗೆದರು. ಇನ್ನು ಕಿಡಿ ಹಾರುವ ಸಂದಿನ ಅಂತರ ಇಂಚಿನ ಸಾವಿರದಲ್ಲಿ 12ರಿಂದ 15 ಭಾಗ ಇರಬೇಕು. ಅಳೆಯುವ ಸಾಧನ ಇಲ್ಲ. ಪುಸ್ತಕವೊಂದನ್ನು ತೆಗೆದು ಎಣಿಸಿದರು: 200 ಹಾಳೆ ಸೇರಿದರೆ ಒಂದು ಇಂಚು. ಒಂದು ಹಾಳೆ ಎಂದರೆ ಸಾವಿರದಲ್ಲಿ ಐದು ಭಾಗ. ಮೂರು ಹಾಳೆ ಸಂದಿಗೆ ತೂರಿಸಿದರೆ ಹದಿನೈದು! ಅಲ್ಪತಮ ಅಳತೆಯ ಪಾಠ ಮಾಡುವಾಗ ನಾನು ವರ್ನಿಯರ್ ಕೈಗೆ ಕೊಡುವ ಮೊದಲು ಈ ಕಥೆ ಹೇಳುತ್ತೇನೆ. ವಿದ್ಯಾರ್ಥಿಗಳು ಕೂಡಲೇ ತಮ್ಮ ನೋಟ್‌ಬುಕ್ಕಿನ ಹಾಳೆ ಎಣಿಸತೊಡಗುತ್ತಾರೆ.

ಅದೇ ಸ್ಪರ್ಧೆಯಲ್ಲಿ ಡೊನಾಲ್ಡ್ ಕ್ರೌಹರ್ಸ್ಟ್ ಎಂಬವರೂ ಇದ್ದರು. ಹುಟ್ಟಿದ್ದು 1932ರಲ್ಲಿ, ನಮ್ಮ ಗಾಜಿಯಾಬಾದಿನಲ್ಲಿ. ವೃತ್ತಿಯಿಂದ ಎಲೆಕ್ಟ್ರಾನಿಕ್ ಉಪಕರಣಗಳ ತಯಾರಕರು. ಅವರ 'ಟಿನ್‌ಮತ್ ಎಲೆಕ್ಟ್ರಾನ್' ಮೂರು ಒಡಲಿನ ದೋಣಿ, ಹೆಸರೇ ಹೇಳುವಂತೆ ವಿದ್ಯುತ್ತನ್ನು ನೆಚ್ಚಿದ್ದು. ಜನರೇಟರ್ ಇದ್ದದ್ದು ಚುಕ್ಕಾಣಿ ಹಿಡಿಯುವವ ಕೂರುವ ಜಾಗದ ಕೆಳಗೆ, ಒಂದು ಮುಚ್ಚಳದಡಿ. ಅಕ್ಟೋಬರ್ 31ರಂದು, ಕೊನೆಯ ಗಡುವಿನ ದಿನ, ಅವಸರದಲ್ಲಿ ಹೊರಟರು. ನವೆಂಬರಿನಲ್ಲೇ ಆ ಮುಚ್ಚಳ ಸೋರಿ ಜನರೇಟರ್ ನೀರಿನಲ್ಲಿ ನೆನೆಯಿತು. ಹೇಗೋ ಮತ್ತೆ ನಡೆಸಿದರು. ಆದರೆ ಇಂಥ ದೋಣಿಯಲ್ಲಿ ದಕ್ಷಿಣ ಸಾಗರ ದಾಟಲಾಗದು ಎಂದು ಅವರಿಗೆ ತಿಳಿದುಹೋಗಿತ್ತು. ಡಿಸೆಂಬರಿನಿಂದ ಇಲ್ಲದ ಸ್ಥಾನಗಳನ್ನು ವರದಿ ಮಾಡಿದರು. 1969ರ ಜನವರಿಯಲ್ಲಿ ಜನರೇಟರ್ ತೊಂದರೆಯ ನೆಪ ಹೇಳಿ ರೇಡಿಯೊ ನಿಲ್ಲಿಸಿದರು. ಅತ್ತ ಸುಹೈಲಿಯ ರೇಡಿಯೊ ನಿಜಕ್ಕೂ ಕೆಟ್ಟು, ಅದರಿಂದಲೂ ತಿಂಗಳುಗಟ್ಟಲೆ ಸುದ್ದಿಯಿರಲಿಲ್ಲ. ದಡದಲ್ಲಿದ್ದವರಿಗೆ ಎರಡು ಮೌನಗಳೂ ಒಂದೇ. ಜುಲೈ 10ರಂದು ಕ್ರೌಹರ್ಸ್ಟ್ ಅವರ ದೋಣಿ ಅಟ್ಲಾಂಟಿಕ್‌ನಲ್ಲಿ ನಿರ್ಜನವಾಗಿ ತೇಲುತ್ತಿದ್ದದ್ದು ಸಿಕ್ಕಿತು. ನಾಕ್ಸ್-ಜಾನ್‌ಸ್ಟನ್ ತಮಗೆ ಬಂದ 5000 ಪೌಂಡ್ ಬಹುಮಾನವನ್ನು ಆ ಕುಟುಂಬಕ್ಕೆ ಕೊಟ್ಟರು. ಒಂದು ಸೋರುವ ಮುಚ್ಚಳವೇ ಎಲ್ಲಕ್ಕೂ ಕಾರಣವೆಂದು ನಾನು ಹೇಳಲಾರೆ. ಆದರೆ ಅದು ಸೋರದಿದ್ದರೆ ಕಥೆ ಬೇರೆಯಾಗುತ್ತಿತ್ತೇನೋ ಎಂಬ ಯೋಚನೆ ನನ್ನನ್ನು ಬಿಟ್ಟಿಲ್ಲ.

ಮುಂದೆ ದೋಣಿಗಳು ಡೀಸೆಲ್ ಕಡೆಗೆ ವಾಲಿದ್ದಕ್ಕೆ ಮುಖ್ಯ ಕಾರಣ ಬೆಂಕಿಯ ಭಯ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ. ದೋಣಿಯೋ ತಳದಲ್ಲಿ ತೂತಿಲ್ಲದ ಬಟ್ಟಲು. ಆವಿ ಇಳಿದು ಅಲ್ಲೇ ಕೂತರೆ ಒಂದು ಕಿಡಿ ಸಾಕು. ಡೀಸೆಲ್ 50 ಡಿಗ್ರಿ ಸೆಲ್ಸಿಯಸ್ ದಾಟದೆ ಹೊತ್ತುವಷ್ಟು ಆವಿ ಬಿಡುವುದಿಲ್ಲ. ಜೊತೆಗೆ ಮ್ಯಾಗ್ನೆಟೋ ಇಲ್ಲ, ಕಿಡಿಯ ಸಂದು ಇಲ್ಲ, ಪುಸ್ತಕದ ಹಾಳೆಯೂ ಬೇಡ. ಆದರೆ ತೊಂದರೆ ಮಾಯವಾಗಲಿಲ್ಲ, ಎಣ್ಣೆಯೊಳಕ್ಕೆ ಜಾಗ ಬದಲಾಯಿಸಿತು. ಇಂಧನ ಪಂಪಿನ ಕೊಂತಕ್ಕೂ ಅದರ ಕೊಳವೆಗೂ ನಡುವಿನ ಸಂದು ಎರಡು ಮೂರು ಮೈಕ್ರಾನ್. ನಿಮ್ಮ ತಲೆಗೂದಲು ಸುಮಾರು 70 ಮೈಕ್ರಾನ್ ದಪ್ಪ. ಈ ಸಂದಿಗೆ ಎಣ್ಣೆಯೇ ಜಾರುಕ. ಅಲ್ಲಿಗೆ ನೀರು ಬಂದರೆ ಲೋಹಕ್ಕೆ ಲೋಹ ಉಜ್ಜುತ್ತದೆ, ತುಕ್ಕು ಹಿಡಿಯುತ್ತದೆ, ಕೊಂತ ಸಿಕ್ಕಿಕೊಳ್ಳುತ್ತದೆ.

ನೀರು ಎಣ್ಣೆಗಿಂತ ಭಾರ, ತಳಕ್ಕೆ ಇಳಿದೇ ಇಳಿಯುತ್ತದಲ್ಲ, ಕೆಳಗಿನಿಂದ ಬಸಿದರಾಯಿತು ಎನ್ನುವಿರಾ? ಇಲ್ಲಿ 1851ರಲ್ಲಿ ಜಾರ್ಜ್ ಸ್ಟೋಕ್ಸ್ ಕೊಟ್ಟ ನಿಯಮವನ್ನು ನೆನೆಯಿರಿ. ಹನಿ ಇಳಿಯುವ ವೇಗ ಅದರ ತ್ರಿಜ್ಯದ ವರ್ಗಕ್ಕೆ ಅನುಪಾತದಲ್ಲಿರುತ್ತದೆ. ಸಾಂದ್ರತೆಗಳ ವ್ಯತ್ಯಾಸ ಘನ ಮೀಟರಿಗೆ 160 ಕಿಲೊಗ್ರಾಂ, ಡೀಸೆಲ್ಲಿನ ಸ್ನಿಗ್ಧತೆ 0.003 ಪಾಸ್ಕಲ್ ಸೆಕೆಂಡ್ ಎಂದಿಟ್ಟುಕೊಳ್ಳಿ. 100 ಮೈಕ್ರಾನ್ ವ್ಯಾಸದ ನೀರಹನಿ ಸೆಕೆಂಡಿಗೆ 0.29 ಮಿಲಿಮೀಟರ್ ಇಳಿಯುತ್ತದೆ. 30 ಸೆಂಟಿಮೀಟರ್ ಆಳದ ತೊಟ್ಟಿಯ ತಳ ಮುಟ್ಟಲು 17 ನಿಮಿಷ. 10 ಮೈಕ್ರಾನ್ ಹನಿಗೆ ಅದರ ನೂರರಷ್ಟು, ಅಂದರೆ 29 ಗಂಟೆ. ಬಂದರಿನಲ್ಲಿ ಕಟ್ಟಿದ ದೋಣಿಯಲ್ಲಿ ಇದು ಸಾಧ್ಯ. ಕಡಲಿನಲ್ಲಿ, ಒಂದು ಮಗ್ಗುಲಿಗೆ ವಾಲಿಕೊಂಡು ಕುಣಿಯುವ ದೋಣಿಯಲ್ಲಿ, 29 ಗಂಟೆ ನಿಶ್ಚಲವಾಗಿರುವ ಎಣ್ಣೆ ಎಲ್ಲಿದೆ? ಬಂದರಿನಲ್ಲಿ ತಿಂಗಳುಗಟ್ಟಲೆ ತೆಪ್ಪಗಿದ್ದ ತಳದ ಕೊಳೆ ಬಿರುಗಾಳಿಯಲ್ಲೇ ಕದಡಿ ಕೊಳವೆಗೆ ಏರುತ್ತದೆ. ಎಂಜಿನ್ ಅತ್ಯಂತ ಬೇಕಾದ ಹೊತ್ತಿಗೇ ನಿಲ್ಲುವುದರಲ್ಲಿ ದುರದೃಷ್ಟದ ಪಾತ್ರ ಕಡಿಮೆ.

ಆದ್ದರಿಂದ ತೊಟ್ಟಿಗೂ ಪಂಪಿಗೂ ನಡುವೆ ಎರಡು ಕಾವಲು. ಮೊದಲನೆಯದು ಪಾರದರ್ಶಕ ಬಟ್ಟಲಿರುವ ನೀರು ಬೇರ್ಪಡಿಸುವ ಶೋಧಕ. ಬಟ್ಟಲಿನ ತಳದಲ್ಲಿ ನೀರಿನ ಗೆರೆ ಕಂಡರೆ ಬಸಿಯಬೇಕು. ಎರಡನೆಯದು ಕೆಲವೇ ಮೈಕ್ರಾನ್ ಕಣಗಳನ್ನೂ ತಡೆಯುವ ಸೂಕ್ಷ್ಮ ಶೋಧಕ. ಅದನ್ನು ಬದಲಿಸಿದಾಗ ಒಳಸೇರಿದ ಗಾಳಿಯನ್ನು ಹೊರಬಿಡದಿದ್ದರೆ ಎಂಜಿನ್ ಹೊರಡದು. ಪಂಪು ಒಂದು ಸಲಕ್ಕೆ ನೂಕುವ ಎಣ್ಣೆ ಒಂದು ಸಾಧಾರಣ ಹನಿಗಿಂತ ಕಡಿಮೆ. ಅಲ್ಲಿ ಗಾಳಿಗುಳ್ಳೆ ಇದ್ದರೆ ಅದು ಕುಗ್ಗಿ ಹಿಗ್ಗುವುದರಲ್ಲೇ ಒತ್ತಡವೆಲ್ಲ ಕಳೆಯುತ್ತದೆ. ತೊಟ್ಟಿಯಲ್ಲಿ ನೀರೂ ಎಣ್ಣೆಯೂ ಕೂಡುವ ಗಡಿಯಲ್ಲಿ ಬೆಳೆಯುವ ಬೂಷ್ಟೂ ಇದೆ: ಹಾರ್ಮೊಕೋನಿಸ್ ರೆಸಿನೆ. ಆಹಾರ ಎಣ್ಣೆ, ವಾಸ ನೀರು. ನೀರು ತೆಗೆದರೆ ಅದಕ್ಕೆ ಮನೆಯಿಲ್ಲ.

ತೊಟ್ಟಿಯನ್ನು ಸದಾ ತುಂಬಿಡಿ, ಇಲ್ಲವಾದರೆ ಒಳಗಿನ ಗಾಳಿಯ ತೇವ ರಾತ್ರಿ ಇಬ್ಬನಿಯಾಗಿ ಇಳಿಯುತ್ತದೆ ಎಂಬ ಹಳೆಯ ಸಲಹೆಯೊಂದಿದೆ. ಲೆಕ್ಕ ಹಾಕಿ ನೋಡೋಣ. 30 ಡಿಗ್ರಿಯಲ್ಲಿ ತೇವದಿಂದ ತುಂಬಿದ 100 ಲೀಟರ್ ಗಾಳಿಯಲ್ಲಿರುವುದು 3 ಗ್ರಾಂ ಆವಿ. 20 ಡಿಗ್ರಿಗೆ ತಣಿದರೆ ಇಳಿಯುವುದು 1.3 ಗ್ರಾಂ. ಮರುದಿನ ಹೊಸದಾಗಿ ಒಳಬರುವ ಗಾಳಿ ಶೇಕಡಾ ಮೂರರಷ್ಟೇ, ಅದು ತರುವ ಆವಿ ಗ್ರಾಮಿನ ಹತ್ತನೇ ಒಂದು ಭಾಗ. ಹೀಗೆ ಒಂದು ಚಮಚ ತುಂಬಲು ತಿಂಗಳು ದಾಟಬೇಕು. ಸಲಹೆ ತಪ್ಪಲ್ಲ, ಆದರೆ ಹೆಚ್ಚಿನ ನೀರು ಬರುವುದು ಅಟ್ಟದ ಮೇಲೆ ಎಣ್ಣೆ ಹೊಯ್ಯುವ ಬಾಯಿಯ ಸವೆದ ರಬ್ಬರ್ ಬಳೆಯಿಂದ, ಇಲ್ಲವೇ ಕೊಂಡ ಎಣ್ಣೆಯ ಜೊತೆಗೇ. ಮತ್ತೆ ಅದೇ, ಸೋರುವ ಮುಚ್ಚಳ.

ನಿಮ್ಮ ಪ್ರಯೋಗಾಲಯದಲ್ಲಿ ಇದನ್ನು ನೋಡಬಹುದು. ಬೆಂಕಿಯಿಂದ ದೂರವಿಟ್ಟು, ಗಾಜಿನ ಉದ್ದ ಸೀಸೆಯಲ್ಲಿ ಡೀಸೆಲ್ ತೆಗೆದುಕೊಂಡು ಎರಡು ಚಮಚ ನೀರು ಹಾಕಿ ಜೋರಾಗಿ ಕುಲುಕಿ ನಿಲ್ಲಿಸಿ. ದೊಡ್ಡ ಹನಿಗಳು ಕ್ಷಣದಲ್ಲಿ ಇಳಿಯುತ್ತವೆ, ಎಣ್ಣೆ ಮಾತ್ರ ಮಬ್ಬಾಗಿಯೇ ಇರುತ್ತದೆ. ಆ ಮಬ್ಬು ತಿಳಿಯಾಗುವ ಸಮಯವನ್ನು ಗುರುತಿಸಿಕೊಂಡರೆ, ಸ್ಟೋಕ್ಸ್ ನಿಯಮದಿಂದ ಅತಿ ಸಣ್ಣ ಹನಿಯ ಗಾತ್ರ ಎಷ್ಟಿತ್ತೆಂದು ನೀವೇ ಹೇಳಬಲ್ಲಿರಿ. ಮರುದಿನ ಬೆಳಿಗ್ಗೆ ತರಗತಿಗೆ ಬಂದಾಗ ನೋಡುವ ಹಾಗೆ ಸಂಜೆ ಕುಲುಕಿಡುವುದು ಒಳ್ಳೆಯದು.