ಸರಕಾರಿ ಪ್ರಯೋಗಶಾಲೆಗಳು ಮತ್ತು ಮುಕ್ತ ತಂತ್ರಾಂಶ: ಮಹಾಗಣಕಗಳ ಇತಿಹಾಸದ ಒಂದು ಪ್ರಶ್ನೆ

ಮುಕ್ತ ತಂತ್ರಾಂಶದ ಚರಿತ್ರೆಯನ್ನು ಬರೆಯುವವರು ಅದನ್ನು ಸಾಮಾನ್ಯವಾಗಿ ಕೆಲವು ಉತ್ಸಾಹಿಗಳ ಸಾಧನೆಯೆಂದು ವರ್ಣಿಸುತ್ತಾರೆ. 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಲಿನಕ್ಸನ್ನು ಪ್ರಕಟಿಸಿದುದನ್ನು ನೆನೆದರೆ ಈ ಅಭಿಪ್ರಾಯ ನಿರಾಧಾರವೆನ್ನಲಾಗದು. ಆದರೆ 2017ರ ನವೆಂಬರ್ ಪಟ್ಟಿಯಲ್ಲಿದ್ದ ಜಗತ್ತಿನ 500 ಅತಿವೇಗದ ಗಣಕಗಳೆಲ್ಲವೂ ಲಿನಕ್ಸಿನಿಂದಲೇ ನಡೆಯುತ್ತಿದ್ದುವೆಂಬುದಕ್ಕೆ ಅದೊಂದೇ ಕಾರಣವಾಗಲಾರದು. ಈ ಬೆಳವಣಿಗೆಯಲ್ಲಿ ಅಮೆರಿಕಾ ಸಂಯುಕ್ತ ಸಂಸ್ಥಾನದ ಸರಕಾರಿ ಪ್ರಯೋಗಶಾಲೆಗಳ ಪಾತ್ರ ಹಿರಿದು. ಅವುಗಳಲ್ಲಿ ಕೆಲವು ಅಣ್ವಸ್ತ್ರಗಳ ರಹಸ್ಯವನ್ನು ಕಾಯುವಂಥವು. ಅಂಥ ಸಂಸ್ಥೆಗಳು ತಮ್ಮ ತಂತ್ರಾಂಶವನ್ನು ಸರ್ವರಿಗೂ ತೆರೆದಿಟ್ಟುದೇಕೆಂಬುದನ್ನು ಇಲ್ಲಿ ವಿವೇಚಿಸಲು ಯತ್ನಿಸುತ್ತೇವೆ.

ಮೊದಲು ಅಂದಿನ ಪರಿಸ್ಥಿತಿಯನ್ನು ಗಮನಿಸಬೇಕು. 1992ರಲ್ಲಿ ಅಮೆರಿಕಾ ತನ್ನ ಅಣುಪರೀಕ್ಷೆಗಳನ್ನು ನಿಲ್ಲಿಸಿತು. ಶಸ್ತ್ರಾಸ್ತ್ರಗಳ ಸುಸ್ಥಿತಿಯನ್ನು ನಿರ್ಣಯಿಸಲು ಗಣನೆಯ ಆಶ್ರಯ ಹೆಚ್ಚಾಗಿ ಬೇಕಾಯಿತು. ಆದರೆ ಅದೇ ಕಾಲದಲ್ಲಿ ಮಹಾಗಣಕಗಳ ತಯಾರಕರು ಒಬ್ಬೊಬ್ಬರಾಗಿ ನೆಲಕಚ್ಚಿದರು. 1994ರಲ್ಲಿ ಥಿಂಕಿಂಗ್ ಮೆಷೀನ್ಸ್, 1995ರಲ್ಲಿ ಕ್ರೇ ಕಂಪ್ಯೂಟರ್ ಕಾರ್ಪೊರೇಷನ್ ದಿವಾಳಿಯಾದುವು. ತಯಾರಕನು ಹೋದೊಡನೆ ಅವನ ಯಂತ್ರದ ಖಾಸಗಿ ತಂತ್ರಾಂಶವೂ ಅನಾಥವಾಗುತ್ತಿತ್ತು. ದಶಕಗಳ ಕಾಲ ನಡೆಯಬೇಕಾದ ಸಂಶೋಧನೆಗೆ ಇದು ಅಪಾಯಕರವಾದ ಅವಲಂಬನೆಯಾಗಿತ್ತು.

ಇದಕ್ಕೊಂದು ಪರ್ಯಾಯ 1994ರಲ್ಲಿ ನಾಸಾದ ಗಾಡರ್ಡ್ ಕೇಂದ್ರದಲ್ಲಿ ತೋರಿತು. ಥಾಮಸ್ ಸ್ಟರ್ಲಿಂಗ್ ಮತ್ತು ಡೊನಾಲ್ಡ್ ಬೆಕರ್ ಅವರು ಅಂಗಡಿಯಲ್ಲಿ ದೊರೆಯುವ ಬಿಡಿಭಾಗಗಳಿಂದ 16 ಗಣಕಗಳನ್ನು ರಚಿಸಿ, ಅವನ್ನು ಸಾಧಾರಣ ಈಥರ್‌ನೆಟ್ ಜಾಲದಿಂದ ಜೋಡಿಸಿ, ಲಿನಕ್ಸಿನಿಂದ ನಡೆಸಿದರು. ಬೇವುಲ್ಫ್ ಎಂಬ ಹೆಸರಿನ ಈ ಕ್ಲಸ್ಟರೇ ಅನಂತರದವುಗಳಿಗೆ ಮಾದರಿಯಾಯಿತು. ಜಾಲಕ್ಕಾಗಿ ಬೆಕರ್ ಬರೆದ ಚಾಲಕ ತಂತ್ರಾಂಶಗಳು ಲಿನಕ್ಸಿನಲ್ಲಿಯೇ ಸೇರಿ ಎಲ್ಲರಿಗೂ ದೊರೆತುವು. ಗಣಕಗಳು ಪರಸ್ಪರ ಸಂದೇಶ ಕಳುಹಿಸುವ ಎಂಪಿಐ ಎಂಬ ಕ್ರಮವೂ ಅದೇ ವರ್ಷ ಪ್ರಕಟವಾಯಿತು. ಅದನ್ನು ಕಾರ್ಯಗತಗೊಳಿಸುವ ಎಂಪಿಚ್ ತಂತ್ರಾಂಶವನ್ನು ಆರ್ಗಾನ್ ರಾಷ್ಟ್ರೀಯ ಪ್ರಯೋಗಶಾಲೆ ಮುಕ್ತವಾಗಿ ಒದಗಿಸಿತು.

2002ರಲ್ಲಿ ಲಿವರ್‌ಮೋರ್ ಪ್ರಯೋಗಶಾಲೆಯ ಎಂಸಿಆರ್ ಕ್ಲಸ್ಟರಿನಲ್ಲಿ 1,152 ಗಣಕಗಳಿದ್ದುವು. ಆ ವರ್ಷದ ನವೆಂಬರ್ ಪಟ್ಟಿಯಲ್ಲಿ ಅದಕ್ಕೆ ಐದನೆಯ ಸ್ಥಾನ ಸಂದಿತು. ಇಷ್ಟು ಗಣಕಗಳನ್ನು ಸರದಿಯಲ್ಲಿ ಕಾದಿರುವ ಬಳಕೆದಾರರಿಗೆ ಹಂಚುವ ಸ್ಲರ್ಮ್ ತಂತ್ರಾಂಶ ಹುಟ್ಟಿದುದೂ ಲಿವರ್‌ಮೋರಿನಲ್ಲಿಯೇ. ಅಲ್ಲಿ ಬಳಕೆಗೆ ಬಂದ ಲಸ್ಟರ್ ಎಂಬ ಕಡತ ವ್ಯವಸ್ಥೆಗೆ ಇಂಧನ ಇಲಾಖೆಯ ಧನಸಹಾಯವಿತ್ತು. ಇವೆರಡೂ ಜಿಪಿಎಲ್ ಪರವಾನಗಿಯಡಿ ಪ್ರಕಟವಾದುವು.

ಸರಕಾರಿ ನೌಕರರ ಕೃತಿಗಳಿಗೆ ಅಮೆರಿಕಾದಲ್ಲಿ ಹಕ್ಕುಸ್ವಾಮ್ಯವಿಲ್ಲವಾದ್ದರಿಂದ ಈ ಮುಕ್ತತೆ ಸಹಜವೇ ಎಂದು ಆಕ್ಷೇಪಿಸಬಹುದು. ಆದರೆ 2007ರವರೆಗೆ ಲಿವರ್‌ಮೋರನ್ನು ಸರಕಾರದ ಪರವಾಗಿ ನಡೆಸುತ್ತಿದ್ದುದು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ. ಅಲ್ಲಿನ ಸಿಬ್ಬಂದಿ ಸರಕಾರಿ ನೌಕರರಾಗಿರಲಿಲ್ಲ. ಆದಕಾರಣ ಮುಕ್ತತೆಯು ಕಾನೂನಿನಿಂದ ತಾನಾಗಿ ಒದಗಿದುದಲ್ಲ, ಬುದ್ಧಿಪೂರ್ವಕವಾಗಿ ಕೈಗೊಂಡ ನಿರ್ಧಾರವೆಂದು ನಾವು ಭಾವಿಸುತ್ತೇವೆ.

ಆ ನಿರ್ಧಾರದ ಪರೀಕ್ಷೆ 2010ರಲ್ಲಿ ನಡೆಯಿತು. ಲಸ್ಟರನ್ನು ಬೆಳೆಸುತ್ತಿದ್ದ ಕಂಪನಿಯನ್ನು 2007ರಲ್ಲಿ ಸನ್ ಸಂಸ್ಥೆ ಕೊಂಡಿತ್ತು. ಸನ್ ಸಂಸ್ಥೆಯೇ 2010ರಲ್ಲಿ ಆರಕಲ್‌ನ ವಶವಾಯಿತು. ಅದೇ ವರ್ಷ ಆರಕಲ್ ಲಸ್ಟರಿನ ಮುಂದಿನ ಬೆಳವಣಿಗೆಯನ್ನು ಕೈಬಿಟ್ಟಿತು. ಖಾಸಗಿ ತಂತ್ರಾಂಶವಾಗಿದ್ದರೆ ಅದರ ಚರಿತ್ರೆ ಅಲ್ಲಿಗೇ ಮುಗಿಯುತ್ತಿತ್ತೇನೋ. ಆದರೆ ಮೂಲಸಂಕೇತ ಎಲ್ಲರ ಕೈಯಲ್ಲಿಯೂ ಇದ್ದುದರಿಂದ ಲಿವರ್‌ಮೋರ್ ಮತ್ತು ಓಕ್ ರಿಡ್ಜ್ ಪ್ರಯೋಗಶಾಲೆಗಳು ಕ್ರೇ ಮೊದಲಾದ ಕಂಪನಿಗಳೊಡನೆ ಕೂಡಿ ಓಪನ್‌ಎಸ್‌ಎಫ್‌ಎಸ್ ಎಂಬ ಸಂಘವನ್ನು ಸ್ಥಾಪಿಸಿ ಕೆಲಸವನ್ನು ಮುಂದುವರಿಸಿದುವು.

ಮೇಲ್ಕಂಡ ಸಂಗತಿಗಳಿಂದ ವಿದಿತವಾಗುವುದಿಷ್ಟು: ಪ್ರಯೋಗಶಾಲೆಗಳ ಮುಕ್ತತೆಯನ್ನು ಕೇವಲ ಔದಾರ್ಯವೆನ್ನಲಾಗದು. ಯಂತ್ರವನ್ನು ಮಾರುವವನಿಗಿಂತ ಹೆಚ್ಚು ಕಾಲ ಬಾಳಬೇಕಾದ ಸಂಸ್ಥೆಯ ದೂರದೃಷ್ಟಿ ಅದರಲ್ಲಿತ್ತು. ಅದರ ಫಲ ಮಾತ್ರ ಆ ದೇಶಕ್ಕಷ್ಟೇ ಸೀಮಿತವಾಗಲಿಲ್ಲ. 2022ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸ್ಥಾಪಿತವಾದ ಪರಮ್ ಪ್ರವೇಗ ಮಹಾಗಣಕದಲ್ಲಿ ನಮ್ಮ ಸಂಶೋಧಕರಿಗೆ ಸರದಿಯನ್ನು ಹಂಚುವುದೂ ಸ್ಲರ್ಮೇ. ಸಾರ್ವಜನಿಕ ಧನದಿಂದ ರಚಿತವಾದ ತಂತ್ರಾಂಶವನ್ನು ತೆರೆದಿಡಬೇಕೆ, ಮುಚ್ಚಿಡಬೇಕೆ ಎಂಬ ಪ್ರಶ್ನೆ ನಮ್ಮ ಸಂಸ್ಥೆಗಳ ಮುಂದೆ ಬಂದಾಗ ಈ ಚರಿತ್ರೆ ಪರಿಶೀಲನಾರ್ಹವಾಗಿದೆ.