ಹನ್ನೆರಡು ಸೆಂಟಿನ ಹೊಣೆ: ಅಮೆರಿಕದ ಮೊದಲ ಕಾನ್ಸಲ್‌ಗಳು ಮತ್ತು ನಾವಿಕರು (1790–1803)

ಪರದೇಶದ ಬಂದರಿನಲ್ಲಿ ಹಡಗು ಒಡೆದೋ, ಕಾಯಿಲೆ ಬಿದ್ದೋ, ಸೆರೆ ಸಿಕ್ಕೋ ನಿರ್ಗತಿಕನಾದ ನಾವಿಕನನ್ನು ನೋಡಿಕೊಳ್ಳಬೇಕಾದವರು ಯಾರು? ಅಮೆರಿಕ ಸರ್ಕಾರ ವಿದೇಶಿ ಬಂದರುಗಳಲ್ಲಿನ ತನ್ನ ಪ್ರತಿನಿಧಿಗಳಾದ ಕಾನ್ಸಲ್‌ಗಳಿಗೆ ಕೊಟ್ಟ ಆರಂಭದ ಸೂಚನೆಗಳನ್ನೂ ಅವುಗಳ ಹಿಂದೆಯೇ ಬಂದ ಕಾಯಿದೆಗಳನ್ನೂ ಒಟ್ಟಿಗೆ ಓದಿದರೆ, ಈ ಹೊಣೆ ಮೊದಲು ಬೊಕ್ಕಸದ ಮೇಲೂ ಆಮೇಲೆ ಹಡಗಿನ ಮಾಲೀಕರ ಮೇಲೂ ಬಿದ್ದದ್ದು ಸ್ಪಷ್ಟವಾಗುತ್ತದೆ.

ವಿದೇಶಾಂಗ ಕಾರ್ಯದರ್ಶಿ ಥಾಮಸ್ ಜೆಫರ್ಸನ್ 1790ರ ಆಗಸ್ಟ್ 26ರಂದು ಕಾನ್ಸಲ್‌ಗಳಿಗೆ ಸುತ್ತೋಲೆ ಕಳಿಸಿದರು. ಬಂದರಿಗೆ ಬಂದ ಅಮೆರಿಕದ ಪ್ರತಿ ಹಡಗಿನ ಹೆಸರು, ಭಾರ, ಕಪ್ತಾನ, ಮಾಲೀಕರು, ನಾವಿಕರ ಸಂಖ್ಯೆ, ಸರಕು ಇವನ್ನೆಲ್ಲ ಆರು ತಿಂಗಳಿಗೊಮ್ಮೆ ವರದಿ ಮಾಡಬೇಕಿತ್ತು. ಯುದ್ಧಸಿದ್ಧತೆಯ ಸುಳಿವು ಸಿಕ್ಕರೆ ತಿಳಿಸಬೇಕಿತ್ತು. ಸಣ್ಣಪುಟ್ಟ ವಿಷಯಗಳಿಗೆ ಸ್ಥಳೀಯ ಸರ್ಕಾರವನ್ನು ಪೀಡಿಸಬಾರದು, ಕೆರಳಿಸುವ ಒಂದು ಮಾತನ್ನೂ ಆಡಬಾರದು ಎಂಬ ಎಚ್ಚರಿಕೆಯೂ ಇತ್ತು. ಇಷ್ಟು ಕೆಲಸಕ್ಕೆ ಸಂಬಳವಿರಲಿಲ್ಲ. ಕಾನ್ಸಲ್‌ಗಳಲ್ಲಿ ಹೆಚ್ಚಿನವರು ವ್ಯಾಪಾರಿಗಳು. ಸ್ವಂತ ವ್ಯವಹಾರವೇ ಅವರ ಜೀವನೋಪಾಯ.

1792ರ ಏಪ್ರಿಲ್ 14ರ ಕಾಯಿದೆ ನಾವಿಕನ ಹೊಟ್ಟೆಪಾಡನ್ನು ನೇರವಾಗಿ ಕೈಗೆತ್ತಿಕೊಂಡಿತು. ನಿರ್ಗತಿಕ ನಾವಿಕನಿಗೆ ದಿನಕ್ಕೆ ಹೆಚ್ಚೆಂದರೆ 12 ಸೆಂಟ್ ಸರ್ಕಾರದ ಖರ್ಚಿನಲ್ಲಿ ಸಿಗುತ್ತಿತ್ತು. ತಾಯ್ನಾಡಿಗೆ ಹೊರಟ ಅಮೆರಿಕದ ಹಡಗುಗಳು ಪ್ರತಿ 100 ಟನ್ ಭಾರಕ್ಕೆ ಇಬ್ಬರವರೆಗೆ ಇಂಥವರನ್ನು ಹತ್ತಿಸಿಕೊಳ್ಳಲೇಬೇಕಿತ್ತು. ಒಲ್ಲೆನೆಂದ ಕಪ್ತಾನನಿಗೆ, ನಿರಾಕರಿಸಲ್ಪಟ್ಟ ಪ್ರತಿ ನಾವಿಕನ ಲೆಕ್ಕದಲ್ಲಿ 30 ಡಾಲರ್ ದಂಡ.

ಅಷ್ಟರಲ್ಲಿ ಬ್ರಿಟಿಷ್ ನೌಕಾಪಡೆ ಅಮೆರಿಕದ ನಾವಿಕರನ್ನು ಬಲವಂತವಾಗಿ ತನ್ನ ಹಡಗುಗಳಿಗೆ ಎಳೆದೊಯ್ಯುವುದು ಹೆಚ್ಚಿತು. 1796ರ ಕಾಯಿದೆಯಂತೆ ಸುಂಕದ ಅಧಿಕಾರಿಗಳು 25 ಸೆಂಟ್ ಶುಲ್ಕಕ್ಕೆ ನಾವಿಕರಿಗೆ ಪೌರತ್ವದ ಪ್ರಮಾಣಪತ್ರ ಕೊಡತೊಡಗಿದರು. ಆದರೆ ಕಾಗದದ ಬಲ ಎದುರಿಗಿದ್ದವರ ಒಪ್ಪಿಗೆಯನ್ನೇ ನೆಚ್ಚಿಕೊಂಡಿತ್ತು. ಕಾನ್ಸಲನ ಹುದ್ದೆಯ ಪಾಡೂ ಅದೇ. ಅಧ್ಯಕ್ಷ ವಾಷಿಂಗ್ಟನ್ ನೇಮಿಸಿದ ಬೆಂಜಮಿನ್ ಜಾಯ್ 1794ರಲ್ಲಿ ಕಲ್ಕತ್ತೆಗೆ ಬಂದಾಗ ಈಸ್ಟ್ ಇಂಡಿಯಾ ಕಂಪನಿ ಅವರನ್ನು ಕಾನ್ಸಲ್ ಎಂದು ಮಾನ್ಯ ಮಾಡಲಿಲ್ಲ. ವಾಣಿಜ್ಯ ಪ್ರತಿನಿಧಿಯಾಗಿ ಇರಲು ಮಾತ್ರ ಬಿಟ್ಟಿತು.

1803ರ ಫೆಬ್ರುವರಿ 28ರ ಕಾಯಿದೆ, ನಾವಿಕರನ್ನು ಪರದೇಶದಲ್ಲಿ ಕೈಬಿಡುವ ಸಮಸ್ಯೆಯ ಬೇರಿಗೇ ಕೈಹಾಕಿತು. ಹೊರಡುವ ಮೊದಲು ಕಪ್ತಾನ ನಾವಿಕರ ಪಟ್ಟಿ ಸಲ್ಲಿಸಿ, ಅವರನ್ನು ಮರಳಿ ಕರೆತರುವುದಾಗಿ 400 ಡಾಲರಿನ ಮುಚ್ಚಳಿಕೆ ಬರೆದುಕೊಡಬೇಕಾಯಿತು. ವಿದೇಶಿ ಬಂದರಿನಲ್ಲಿ ಹಡಗಿನ ಕಾಗದಪತ್ರಗಳು ಕಾನ್ಸಲನ ವಶಕ್ಕೆ ಹೋಗಬೇಕು. ತಪ್ಪಿದರೆ 500 ಡಾಲರ್ ದಂಡ. ಅಲ್ಲಿ ಹಡಗನ್ನು ಮಾರಿ ನಾವಿಕರನ್ನು ಕೆಲಸದಿಂದ ಬಿಟ್ಟರೆ, ಬಾಕಿ ಕೂಲಿಯ ಮೇಲೆ ತಲಾ ಮೂರು ತಿಂಗಳ ಸಂಬಳವನ್ನು ಕಾನ್ಸಲನಿಗೆ ಕಟ್ಟಬೇಕು. ಅದರಲ್ಲಿ ಎರಡು ತಿಂಗಳದ್ದು, ಊರಿಗೆ ಮರಳುವ ಹಡಗು ಸೇರಿದ ನಾವಿಕನಿಗೆ; ಉಳಿದದ್ದು ನಿರ್ಗತಿಕರ ನಿಧಿಗೆ.

ಈ ಮೂರು ತಿಂಗಳ ಸಂಬಳದ ನಿಯಮವೇ ಈ ಅವಧಿಯ ಅತ್ಯಂತ ಮಹತ್ವದ ಹೆಜ್ಜೆ. 1792ರ ಕಾಯಿದೆ ಕೈಬಿಟ್ಟವನಿಗೆ ಅನ್ನ ಕೊಟ್ಟಿತು. 1803ರದು ಕೈಬಿಡುವುದನ್ನೇ ದುಬಾರಿಯಾಗಿಸಿತು. ದುಡಿಯುವವರ ರಕ್ಷಣೆಯ ಚರಿತ್ರೆ ಬರೆಯುವವರು ಕಾರ್ಖಾನೆಯ ಕಾನೂನುಗಳಿಗಿಂತ ಮೊದಲು ಈ ಬಂದರಿನ ಕಾನೂನುಗಳನ್ನು ಓದಬೇಕು.