ಮಗ್ಗದಿಂದ ಮೋಟಾರಿಗೆ

ಗುಂಡ್ಲುಪೇಟೆಯ ಹೆದ್ದಾರಿಯ ಪಕ್ಕದಲ್ಲಿ ಅರ್ಧ ಗಂಟೆ ನಿಂತವರಿಗೆ ಲೋಕದ ಮೋಟಾರುಗಳೆಲ್ಲ ಕಾಣಸಿಗುತ್ತವೆ. ಊಟಿಗೆ ಹೋಗುವವರೂ ವಯನಾಡಿಗೆ ಹೋಗುವವರೂ ಇಲ್ಲಿಂದಲೇ ಕವಲೊಡೆಯಬೇಕು. 2000ದಲ್ಲಿ ಕ್ವಾಲಿಸ್ ಎಂಬ ಗಾಡಿಯೂ, ಅದು ನಿಂತ ಮೇಲೆ 2005ರಲ್ಲಿ ಇನ್ನೋವಾ ಎಂಬುದೂ ಬಂದಂದಿನಿಂದ ಈ ದಾರಿಯಲ್ಲಿ ಒಂದು ಲಾಂಛನ ಮೇಲಿಂದ ಮೇಲೆ ಕಣ್ಣಿಗೆ ಬೀಳತೊಡಗಿತು. ಒಂದರೊಡನೊಂದು ಹೆಣೆದುಕೊಂಡ ಮೂರು ಅಂಡಾಕೃತಿಗಳು. ಅದೇನೋ ಎತ್ತಿನ ಮುಖವಿರಬೇಕೆಂದು ನಾನು ಬಹುಕಾಲ ತಿಳಿದಿದ್ದೆ. ಸೂಜಿಯ ಕಣ್ಣೂ ಅದರೊಳಗೆ ಹಾಯುವ ದಾರವೂ ಆ ಗುರುತಿನಲ್ಲಿ ಅಡಗಿವೆಯೆಂದು ಟೊಯೋಟ ಕಂಪನಿಯವರೇ ವಿವರಿಸಿದ್ದನ್ನು ಆಮೇಲೆ ಓದಿದೆ. ಓದಿದ್ದು ಪುಸ್ತಕದಲ್ಲಿ, ಅರ್ಥವಾದದ್ದು ಮಾತ್ರ ಕೊಳ್ಳೇಗಾಲದ ಒಬ್ಬ ನೇಕಾರರ ಮನೆಯಲ್ಲಿ.

ಅವರ ಮಗ ನನ್ನ ವಿದ್ಯಾರ್ಥಿಯಾಗಿದ್ದವನು. ಈಗ ಬಿಡದಿಯ ಕಡೆ ಮೋಟಾರಿನ ಬಿಡಿಭಾಗ ಮಾಡುವ ಒಂದು ಕಾರ್ಖಾನೆಯಲ್ಲಿದ್ದಾನೆ. ಮನೆಯಲ್ಲಿದ್ದ ಎರಡು ಮಗ್ಗಗಳಲ್ಲಿ ಒಂದನ್ನು ಬಿಚ್ಚಿ ಮರವನ್ನು ಗೋಡೆಗೆ ಒರಗಿಸಿದ್ದಾರೆ. ಇನ್ನೊಂದರಲ್ಲಿ ಯಜಮಾನರು ರೇಷ್ಮೆ ಸೀರೆ ನೇಯುತ್ತ ಕುಳಿತಿದ್ದರು. ಮಾತಿನ ನಡುವೆ ಹಾಸಿನ ಒಂದು ಎಳೆ ಕಡಿಯಿತು. ನನ್ನ ಕಣ್ಣಿಗೆ ಅದು ಕಾಣಲಿಲ್ಲ. ಅವರ ಕೈ ಲಾಳಿಯನ್ನು ಬಿಟ್ಟಾಗಿತ್ತು.

“ಎಳೆ ಕಡ್ದಾಗ ನಿಲ್ಬೇಕು ಮೇಷ್ಟ್ರೇ. ಆಮ್ಯಾಕ ನೋಡ್ಕತೀನಿ ಅಂದ್ರ ಆಯ್ತದಾ? ಸೀರೆ ಪೂರಾ ಗಾಯ ಕಾಣ್ತದ” ಎಂದು ಗಂಟು ಹಾಕಿದರು.

ಟೊಯೋಟ ಕಂಪನಿಯ ಚರಿತ್ರೆಯ ಅರ್ಧ ಭಾಗ ಈ ಮಾತಿನಲ್ಲಿದೆ. ಅದರ ಮೂಲಪುರುಷ ಸಾಕಿಚಿ ಟೊಯೋಡ ಮೋಟಾರು ಕಟ್ಟಿದವನಲ್ಲ. 1867ರಲ್ಲಿ ಒಂದು ಹಳ್ಳಿಯಲ್ಲಿ ಬಡಗಿಯ ಮಗನಾಗಿ ಹುಟ್ಟಿದವನು. ರಾತ್ರಿಯ ಹೊತ್ತು ಮಗ್ಗದ ಮುಂದೆ ಬೆನ್ನು ಬಗ್ಗಿಸಿ ಕೂರುತ್ತಿದ್ದ ತಾಯಿಯನ್ನು ಕಂಡು, ತಂದೆಯ ಉಳಿ ಬಾಚಿಗಳನ್ನೇ ಹಿಡಿದು ಮಗ್ಗವನ್ನು ತಿದ್ದಲು ಹೊರಟವನು. ಎರಡು ಕೈಯ ಕೆಲಸವನ್ನು ಒಂದೇ ಕೈಯಲ್ಲಿ ಮುಗಿಸುವ ಮರದ ಮಗ್ಗಕ್ಕೆ 1891ರಲ್ಲಿ ಅವನಿಗೆ ಪೇಟೆಂಟು ದೊರೆಯಿತು. 1896ರಲ್ಲಿ ಉಗಿಯಂತ್ರದಿಂದ ಓಡುವ ಮಗ್ಗವಾಯಿತು.

ಆದರೆ ಯಂತ್ರದ ಮಗ್ಗಕ್ಕೆ ಒಂದು ದೊಡ್ಡ ದೋಷವುಂಟು: ಅದಕ್ಕೆ ಕಣ್ಣಿಲ್ಲ. ಎಳೆ ಕಡಿದರೂ ನೇಯುತ್ತಲೇ ಹೋಗುತ್ತದೆ. ಆದ್ದರಿಂದ ಪ್ರತಿ ಮಗ್ಗದ ಮುಂದೆ ಕಾವಲಿಗೆ ಒಬ್ಬ ಮನುಷ್ಯ ನಿಲ್ಲಬೇಕು. ಸಾಕಿಚಿ ಜೀವಮಾನವೆಲ್ಲ ಗುದ್ದಾಡಿದ್ದು ಮುಖ್ಯವಾಗಿ ಇದರೊಡನೆ. 1924ರಲ್ಲಿ ಅವನೂ ಅವನ ಮಗ ಕಿಇಚಿರೋನೂ ಪೂರ್ಣಗೊಳಿಸಿದ ಮಗ್ಗ, ಹೊಕ್ಕಿನ ದಾರ ತೀರಿದರೆ ವೇಗ ತಗ್ಗಿಸದೆ ತಾನೇ ಲಾಳಿ ಬದಲಿಸಿಕೊಳ್ಳುತ್ತಿತ್ತು; ಎಳೆ ಕಡಿದರೆ ತಾನೇ ನಿಲ್ಲುತ್ತಿತ್ತು. ಒಬ್ಬ ಕೆಲಸಗಾರ ಮೂವತ್ತು ಮಗ್ಗಗಳನ್ನು ನೋಡಿಕೊಳ್ಳುವಂತಾಯಿತು. ಇಂಗ್ಲೆಂಡಿನ ಪ್ಲಾಟ್ ಬ್ರದರ್ಸ್ ಕಂಪನಿ 1929ರಲ್ಲಿ ಇದರ ಹಕ್ಕಿಗೆ ಒಂದು ಲಕ್ಷ ಪೌಂಡು ಒಪ್ಪಿಕೊಂಡಿತು. ಅಲ್ಲಿಯವರೆಗೆ ಜಪಾನಿಗೆ ಜವಳಿ ಯಂತ್ರ ಮಾರುತ್ತಿದ್ದ ಕಂಪನಿ ಅದು!

ಈ ಬಗೆಯ ಯಂತ್ರಕ್ಕೆ ಟೊಯೋಟದವರು ಇಟ್ಟ ಹೆಸರು ‘ಜಿದೋಕಾ’. ಸ್ವಯಂಚಾಲನೆ ಎಂಬ ಅರ್ಥದ ಜಪಾನೀ ಪದವೇ. ಆದರೆ ‘ಚಲಿಸು’ ಎಂಬ ಅಕ್ಷರದ ಮಗ್ಗುಲಿಗೆ ‘ಮನುಷ್ಯ’ ಎಂಬ ಚಿಹ್ನೆಯೊಂದನ್ನು ಸೇರಿಸಿ ಬರೆಯುತ್ತಾರೆ. ಉಚ್ಚಾರದಲ್ಲಿ ವ್ಯತ್ಯಾಸವಿಲ್ಲ. ಭಾಷೆ ಪಾಠ ಹೇಳುವ ನನ್ನಂಥವನಿಗೆ ಪೌಂಡಿನ ಲೆಕ್ಕಕ್ಕಿಂತ ಇದೇ ರುಚಿಸಿತು.

1933ರಲ್ಲಿ ಮಗ್ಗದ ಕಾರ್ಖಾನೆಯಲ್ಲೇ ಮೋಟಾರಿನ ವಿಭಾಗ ತೆರೆದವನು ಕಿಇಚಿರೋ. 1937ರಲ್ಲಿ ಅದು ಬೇರೆ ಕಂಪನಿಯಾಯಿತು. ಮನೆತನದ ‘ಟೊಯೋಡ’ ಅಷ್ಟರಲ್ಲಿ ‘ಟೊಯೋಟ’ ಆಗಿತ್ತು. ನಮ್ಮ ಆದೇಶಸಂಧಿಯಲ್ಲಿ ಪರುಷಕ್ಕೆ ಸರಳ ಬರುತ್ತದೆ, ಅಲ್ಲಿ ಸರಳಕ್ಕೇ ಪರುಷ ಬಂತು! ಇರಲಿ. ಅವರ ಮೊದಲ ಟ್ರಕ್ಕುಗಳು 1935ರಲ್ಲಿ ರಸ್ತೆಗಿಳಿದು ದಾರಿಯಲ್ಲೇ ಕೆಟ್ಟು ನಿಲ್ಲುತ್ತಿದ್ದವು. ಕೆಟ್ಟಲ್ಲಿಗೆ ಹೋಗಿ ನೋಡುವುದು, ಏಕೆ ಕೆಟ್ಟಿತೆಂದು ಕೇಳುವುದು, ಆ ಭಾಗವನ್ನು ತಿದ್ದುವುದು, ಹೀಗೆ ಅವರು ಮೋಟಾರು ಕಲಿತರು.

ಮಗ್ಗದ ಬುದ್ಧಿಯನ್ನು ಮೋಟಾರಿನೊಳಕ್ಕೆ ನಿಜವಾಗಿ ಇಳಿಸಿದವನು ತಾಯಿಚಿ ಓನೋ. 1932ರಲ್ಲಿ ಟೊಯೋಡರ ನೂಲು-ನೇಯ್ಗೆ ಗಿರಣಿ ಸೇರಿ, 1943ರಲ್ಲಿ ಮೋಟಾರಿನ ಕಡೆಗೆ ಬಂದವನು. ಒಬ್ಬ ಕೆಲಸಗಾರನಿಗೆ ಹಲವು ಯಂತ್ರಗಳನ್ನು ಒಪ್ಪಿಸುವ ಗಿರಣಿಯ ಪದ್ಧತಿಯನ್ನು ಅವನು ಇಲ್ಲಿಯೂ ತಂದ. ಕಾರು ಜೋಡಿಸುವ ಸಾಲಿನುದ್ದಕ್ಕೂ ಹಗ್ಗ ಕಟ್ಟಿದರು. ತಪ್ಪು ಕಂಡ ಕೆಲಸಗಾರ ಅದನ್ನು ಎಳೆದರೆ ದೀಪ ಹೊತ್ತುತ್ತದೆ, ಮೇಲಿನವನು ಓಡಿ ಬರುತ್ತಾನೆ, ಒಂದು ಗಡುವಿನೊಳಗೆ ತಪ್ಪು ಸರಿಹೋಗದಿದ್ದರೆ ಸಾಲೇ ನಿಲ್ಲುತ್ತದೆ. ಕಾರ್ಖಾನೆಯೆಂದರೆ ಓಡುತ್ತಲೇ ಇರಬೇಕೆಂದು ನಂಬಿದ್ದ ಲೋಕಕ್ಕೆ ಇದು ಹುಚ್ಚಾಗಿ ಕಂಡಿದ್ದರೆ ಆಶ್ಚರ್ಯವಿಲ್ಲ. ನೇಕಾರನಿಗಾದರೋ ಇದರಲ್ಲಿ ಹೊಸತೇನೂ ಇಲ್ಲ.

ಕರ್ನಾಟಕಕ್ಕೆ ಈ ಮನೆತನ ಬಂದದ್ದೂ ನೂಲಿನ ಹಿಂದೆಯೇ. 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟ ಲಕ್ಷ್ಮಣರಾವ್ ಕಿರ್ಲೋಸ್ಕರರ ವಂಶದವರ ಜೊತೆಗೂಡಿ 1995ರಲ್ಲಿ ಅವರು ಬೆಂಗಳೂರಿನ ಬಳಿ ಮೊದಲು ಸ್ಥಾಪಿಸಿದ್ದು ಜವಳಿ ಯಂತ್ರಗಳ ಕಂಪನಿ. ಮೋಟಾರಿನ ಕಂಪನಿ ಆಮೇಲೆ, 1997ರಲ್ಲಿ, ನಮ್ಮ ಚಾಮರಾಜನಗರ ಜಿಲ್ಲೆಯಾದ ವರ್ಷವೇ. ಬಿಡದಿಯಲ್ಲಿ ಹತ್ತನೆಯ ತರಗತಿ ಮುಗಿಸಿದ ಹಳ್ಳಿಯ ಹುಡುಗರಿಗೆ ಕೆಲಸ ಕಲಿಸುವ ಶಾಲೆಯನ್ನು 2007ರಲ್ಲಿ ತೆರೆದರು.

ಪರಂಪರೆ ಎಂಬುದು ಒಮ್ಮೆ ಸಂಪಾದಿಸಿದರೆ ಕರಗದ ಆಸ್ತಿಯೇನಲ್ಲ. 2009-10ರಲ್ಲಿ ವೇಗದ ಪೆಡಲು ಸಿಕ್ಕಿಕೊಳ್ಳುವ ದೋಷಗಳಿಗಾಗಿ ಈ ಕಂಪನಿ ಲಕ್ಷಾಂತರ ಕಾರುಗಳನ್ನು ವಾಪಸು ಕರೆಯಬೇಕಾಯಿತು. ಸಾಕಿಚಿಯ ಮರಿಮಗ ಅಕಿಯೋ ಟೊಯೋಡ ಅಮೆರಿಕದ ಕಾಂಗ್ರೆಸ್ಸಿನ ಮುಂದೆ ನಿಂತು, ನಾವು ಅತಿ ವೇಗವಾಗಿ ಬೆಳೆದೆವೇನೋ, ಯಾವುದು ಮೊದಲು ಎಂಬುದು ಗೊಂದಲವಾಯಿತು ಎಂಬರ್ಥದಲ್ಲಿ ಒಪ್ಪಿಕೊಂಡನು. ಎಳೆ ಕಡಿದಿತ್ತು, ಮಗ್ಗ ನಿಂತಿರಲಿಲ್ಲ. ಬಿಡದಿಯಲ್ಲಿಯೇ 2020ರ ನವೆಂಬರಿನಲ್ಲಿ ಮುಷ್ಕರವೂ ಲಾಕೌಟೂ ಆಗಿ 2021ರ ಮಾರ್ಚಿನವರೆಗೆ ಎಳೆಯಿತು. ಕೆಲಸದ ಹೊರೆಯೂ ಆ ಜಗಳದಲ್ಲಿ ಒಂದು ಮಾತಾಗಿತ್ತು. ಕಾರಿನಲ್ಲಿ ತಪ್ಪು ಕಂಡಾಗ ಎಳೆಯಲು ಹಗ್ಗವಿದೆ. ಮೈ ದಣಿದಾಗ ಎಳೆಯುವ ಹಗ್ಗ ಯಾವುದೆಂಬುದನ್ನು ಯಾವ ಕಾರ್ಖಾನೆಯೂ ಇನ್ನೂ ಸರಿಯಾಗಿ ಹೇಳಿಲ್ಲವೆಂದು ನನಗನಿಸುತ್ತದೆ.

ಒಬ್ಬನು ಮೂವತ್ತು ಮಗ್ಗ ನೋಡಿಕೊಂಡರೆ ಇಪ್ಪತ್ತೊಂಬತ್ತು ಜನ ಎಲ್ಲಿ ಹೋದರು ಎಂಬ ಪ್ರಶ್ನೆಯೂ ಇದೆ. ಗೋಡೆಗೆ ಒರಗಿಸಿದ ಮರವನ್ನು ಎದುರಿಗಿಟ್ಟುಕೊಂಡು ಅದನ್ನು ಕೇಳಲು ನನಗೆ ಬಾಯಿ ಬರಲಿಲ್ಲ. ಸಾಕಿಚಿಯ ತಾಯಿಯ ಕತೆಯನ್ನಷ್ಟೇ ಹೇಳಿದೆ. ಯಜಮಾನರು ಕೆಲಸ ನಿಲ್ಲಿಸದೆ ಕೇಳಿಸಿಕೊಂಡರು.

“ಆಗ್ನ ಕಾಲದ ಮಗ್ಗ ಈಗ್ಲೂ ಇದ್ದಾವಾ?”

ನಗೋಯಾ ಪಟ್ಟಣದಲ್ಲಿ 1994ರಲ್ಲಿ ತೆರೆದ ವಸ್ತುಸಂಗ್ರಹಾಲಯವಿದೆ, ಸಾಕಿಚಿಯ ಮಗ್ಗಗಳನ್ನು ಅಲ್ಲಿಟ್ಟು ಓಡಿಸಿಯೂ ತೋರಿಸುತ್ತಾರೆ ಎಂದೆ.

“ನೇಯೋರ್ ಯಾರು?” ಎಂದು ಕೇಳಿದರು.

ಅಲ್ಲಿಯ ನೌಕರರೇ ಇರಬೇಕೆಂದೆ. ಅವರು “ಹೂಂ” ಎಂದು ಲಾಳಿಗೆ ಹೊಸ ಕಂಡಿಕೆ ಹಾಕಿಕೊಂಡರು.